ಭಾವನವರ ಬೇಟೆ ದುರ್ಬೀನು

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವನವರು, ಯಾವ ಗಳಿಗೆಯಲ್ಲಾದರೂ ಕೋವಿ ಹಿಡಿದಾರು ಎಂಬ ಭಯದಲ್ಲಿ ನಮ್ಮ ಸಂಸಾರವಿಡೀ ಎರಡು ವಾರ ಜೀವ ಕೈಯಲ್ಲಿ ಹಿಡಿದುಕೊಂಡು ಬದುಕಿತ್ತು. ಹೀಗೆಂದರೆ ಅವರನ್ನು ಬಲ್ಲವರು ಬಿದ್ದು ಬಿದ್ದು ನಗುತ್ತಾರೆ. ನಗಲಿ! ಅವರು ಎಂಥವರು ಗೊತ್ತೆ? ನೈರೋಬಿಯ ಹೈರಿಡ್ಜ್‌ನಲ್ಲಿರುವ ತಮ್ಮ ಫ್ಲ್ಯಾಟಿನಲ್ಲಿ ಜಿರಳೆ ಕಂಡರೆ ಅದನ್ನು ಹಳೆಯ ಪೇಪರಿನ ಮೇಲೆ ಹತ್ತಿಸಿಕೊಂಡು, ಲಿಫ್ಟಿನಲ್ಲಿ ಕೆಳಗಿಳಿದು, ಕಾಂಪೌಂಡಿನ ಆಚೆ ಬಿಟ್ಟು, "ಹೋಗಪ್ಪ, ಹುಷಾರು" ಎಂದು ಬೀಳ್ಕೊಟ್ಟು ಬರುವ ಮನುಷ್ಯ. ಇವರು ಲಿಫ್ಟಿಗೆ ಕಾಯುವಷ್ಟರಲ್ಲಿ ಜಿರಳೆ ಮೆಟ್ಟಿಲು ಹತ್ತಿ ಮನೆ ಸೇರಿರುತ್ತದೆ ಎಂಬುದು ಅಕ್ಕನ ವಾದ.

ಇಂಥ ಭಾವನವರು ಒಂದು ಭಾನುವಾರ ಮಧ್ಯಾಹ್ನ, ಬಿಸಿಬೇಳೆಬಾತಿನ ಮೇಲೆ ತುಪ್ಪ ಸುರಿದುಕೊಳ್ಳುತ್ತ, ನನ್ನ ಯಜಮಾನರನ್ನು ಕೇಳಿದರು: "ಅಲ್ಲಪ್ಪ, ಕತ್ತಲಾಗೋ ಹೊತ್ತಲ್ಲಿ ಬೇಟೆ ಆಡ್ತಾರಲ್ಲ, ಅವರ ರೈಫಲ್‌ಗೆ ಎಂಥ ಸ್ಕೋಪ್ ಹಾಕಿದ್ರೆ ಒಳ್ಳೇದು?"

ನನ್ನ ಯಜಮಾನರ ಕೈಯಲ್ಲಿದ್ದ ಹಪ್ಪಳ ನೆಲಕ್ಕೆ ಬಿತ್ತು. ಅವರು ಟೆಲಿಕಾಂ ಕಂಪನಿಯಲ್ಲಿ ಕೆಲಸ ಮಾಡುವವರು. ಅವರಿಗೆ ಟವರ್ ಗೊತ್ತು, ಸಿಗ್ನಲ್ ಗೊತ್ತು. ರೈಫಲ್, ಅದರ ಮೇಲೆ ಕೂರಿಸುವ ದುರ್ಬೀನು? ಅದೂ ಕೀನ್ಯಾದಲ್ಲಿ? ಇಲ್ಲಿ ಬೇಟೆಗೆ ನಿಷೇಧ ಬಿದ್ದು ಎಷ್ಟೋ ಕಾಲವಾಯಿತು. ಆನೆ ಸಿಂಹಗಳೆಲ್ಲ ಅದನ್ನು ನಂಬಿಕೊಂಡು ನೆಮ್ಮದಿಯಾಗಿವೆ!

ಪಕ್ಕದಲ್ಲಿದ್ದ ಅಕ್ಕನ ಮಗಳು ಫೋನಿನಿಂದ ತಲೆಯೆತ್ತಿ, "ಅಪ್ಪಾ, ಆರ್ ಯೂ ಓಕೆ?" ಎಂದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥವಾಗುವುದಿಲ್ಲ ಎನ್ನುವವರು ಆ ಹೊತ್ತು ಅವಳ ಮುಖ ನೋಡಬೇಕಿತ್ತು.

"ಸುಮ್ನೆ ಕೇಳ್ದೆ," ಎಂದು ಭಾವನವರು ಊಟ ಮುಂದುವರಿಸಿದರು. ಅಕ್ಕ ಅಡುಗೆಮನೆಯಲ್ಲಿದ್ದಳು, ಅವಳ ಕಿವಿಗೆ ಬೀಳಲಿಲ್ಲ.

ಭಾವನವರ 'ಸುಮ್ನೆ' ಎಂಬ ಮಾತನ್ನು ನಂಬುವಷ್ಟು ಹೊಸಬಳೇನಲ್ಲ ನಾನು. ಅವರು ಇಂಡಸ್ಟ್ರಿಯಲ್ ಏರಿಯಾದ ಬಿಸ್ಕತ್ ಫ್ಯಾಕ್ಟರಿಯೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವವರು. ಹಗಲೆಲ್ಲ ಬಿಸ್ಕತ್ ಮುರಿದು ಮುರಿದು, ಲೋಕದ ಯಾವ ವಸ್ತುವನ್ನೂ ಪರೀಕ್ಷೆ ಮಾಡದೆ ಮನೆಗೆ ತರಬಾರದು ಎಂಬ ವ್ರತ ಹಿಡಿದಿದ್ದಾರೆ. ಹಿಂದೊಮ್ಮೆ ಹಾಸಿಗೆ ಕೊಳ್ಳಬೇಕಾದಾಗ ಮನೆಯಿಂದ ಬೆಡ್‌ಶೀಟು ದಿಂಬು ಒಯ್ದು, ಅಂಗಡಿಯ ನಟ್ಟನಡುವೆ ಹಾಸಿಕೊಂಡು, ಬಲ ಮಗ್ಗುಲು ಎಡ ಮಗ್ಗುಲು ಎರಡನ್ನೂ ಪರೀಕ್ಷಿಸುತ್ತ ಗೊರಕೆ ಹೊಡೆದುಬಿಟ್ಟರು. ಆ ಕಡೆ ಬಂದ ಗಿರಾಕಿಯೊಬ್ಬಳು ಸೇಲ್ಸ್ ಹುಡುಗಿಯನ್ನು ಕರೆದು, "ಹಾಸಿಗೆ ಇಷ್ಟವಾಯಿತು, ಆದರೆ ಈ ಮನುಷ್ಯ ಬೇಡ" ಎಂದಳಂತೆ! ಎಚ್ಚರವಾದ ಮೇಲೆ ಭಾವನವರು ಹೇಳಿದ್ದು: "ಇದು ಬೇಡ. ತುಂಬಾ ನಿದ್ದೆ ಬರುತ್ತೆ."

ಇಂಥವರು ರೈಫಲ್ ಸ್ಕೋಪಿನ ಹಿಂದೆ ಬಿದ್ದರೆ ಬಿಟ್ಟಾರೆಯೆ? ಮುಂದಿನ ವಾರ ನಾವು ಹೋದಾಗ ಅಕ್ಕ ತಲೆನೋವೆಂದು ಕೋಣೆಯಲ್ಲಿ ಮಲಗಿದ್ದಳು. ಊಟದ ಮೇಜಿನ ಮೇಲೆ ಲಾಳಿಕೆ, ಸಣ್ಣ ಲೋಟ ಮತ್ತು ಒಂದು ಚೆಂಬು ನೀರು ಸಿದ್ಧವಾಗಿದ್ದವು.

"ನೋಡಮ್ಮ, ಬೆಳಕು ಅಂದ್ರೆ ನೀರು ಅಂದ್ಕೊ. ಸ್ಕೋಪಿನ ಮುಂದಿನ ಗಾಜು ಈ ಲಾಳಿಕೆ. ದೊಡ್ಡದಿದ್ದಷ್ಟೂ ಜಾಸ್ತಿ ನೀರು ಹಿಡಿಯುತ್ತೆ. ಆದ್ರೆ ಈ ಕಡೆ ನಿನ್ನ ಕಣ್ಣಿನ ಪಾಪೆ ಇದ್ಯಲ್ಲ, ಅದು ಈ ಲೋಟ. ಲೋಟಕ್ಕಿಂತ ಜಾಸ್ತಿ ಸುರಿದ್ರೆ ಏನಾಗುತ್ತೆ?"

"ಚೆಲ್ಲುತ್ತೆ ಭಾವ."

ಅವರು ಚೆಲ್ಲಿ ತೋರಿಸಿದರು. ನನ್ನ ಸೀರೆಯ ಮೇಲೆ.

"ಕರೆಕ್ಟ್! ಅದಕ್ಕೇ ಗಾಜಿನ ಅಗಲಾನ ಅದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರ್ಸುತ್ತೋ ಅದ್ರಿಂದ ಭಾಗಿಸ್ಬೇಕು. ಗಾಜು ಐವತ್ತಾರು ಮಿಲಿಮೀಟರ್, ತೋರ್ಸೋದು ಎಂಟು ಪಟ್ಟು ಅಂದ್ಕೊ. ಐವತ್ತಾರನ್ನ ಎಂಟರಿಂದ ಭಾಗಿಸು."

"ಏಳು."

"ಏಳು ಮಿಲಿಮೀಟರ್! ಕತ್ತಲಲ್ಲಿ ಪಾಪೆ ಹೆಚ್ಚೂಕಮ್ಮಿ ಅಷ್ಟೇ ಅಗಲ ಆಗೋದು. ವಯಸ್ಸಾದ್ಮೇಲೆ ಅದೂ ಆಗಲ್ಲ. ಯಾರ್ಯಾರ್ದು ಎಷ್ಟಾಗುತ್ತೆ ಅಂತ ಅಳೆದು ನೋಡ್ಬೇಕು."

ಅಳೆದರು! ಸಂಜೆ ಮನೆಯ ದೀಪವೆಲ್ಲ ಆರಿಸಿ ನಮ್ಮನ್ನು ಸಾಲಾಗಿ ಕೂರಿಸಿ, ಮಗಳ ಪ್ಲಾಸ್ಟಿಕ್ ಸ್ಕೇಲು ಹಿಡಿದು ಒಬ್ಬೊಬ್ಬರ ಮೂಗಿನ ಬಳಿ ಬಂದರು. ಕತ್ತಲಲ್ಲಿ ಸ್ಕೇಲಿನ ಗೆರೆ ಕಾಣುವುದಿಲ್ಲವಲ್ಲ, ಅದಕ್ಕೆ ಟಾರ್ಚ್ ಹಾಕುವುದು. ಟಾರ್ಚ್ ಹಾಕಿದೊಡನೆ ಪಾಪೆ ಕುಗ್ಗುವುದು. "ಛೆ!" ಎಂದು ಟಾರ್ಚ್ ಆರಿಸಿ, ಪಾಪೆ ಅರಳುವುದನ್ನು ಕಾದು, ಮತ್ತೆ ಟಾರ್ಚ್! ನನ್ನ ಯಜಮಾನರು ಕಣ್ಣುಜ್ಜಿಕೊಳ್ಳುತ್ತ ಸೋಫಾ ಎಡವಿ ಬಿದ್ದರು. ಕೊನೆಗೆ ಭಾವನವರು ಅಂದಾಜಿನಲ್ಲೇ ನನಗೆ ತೀರ್ಪು ಕೊಟ್ಟರು: "ನಿಂದು ಐದೂವರೆ. ನಿಂಗೆ ದೊಡ್ಡ ಸ್ಕೋಪ್ ಕೊಡ್ಸಿದ್ರೆ ದಂಡ."

"ನಂಗೆ ಸ್ಕೋಪ್ ಬೇಕು ಅಂತ ಯಾರು ಕೇಳಿದ್ರು ಭಾವ?"

ಕಿಲೆಲೆಶ್ವಾದ ನಮ್ಮ ಮನೆಗೆ ವಾಪಸು ಬರುವಾಗ ಕಾರಿನಲ್ಲಿ ನಮ್ಮಿಬ್ಬರದು ಇದೇ ಚರ್ಚೆ. "ಫ್ಯಾಕ್ಟರೀಲಿ ಯಾರ ಜೊತೆನಾದ್ರೂ ಜಗಳ ಆಗಿದ್ಯಾ?" ಎಂದರು ಯಜಮಾನರು. "ಛೆ, ಅವರು ಬಿಸ್ಕತ್ತಿಗೂ ಗದರೋರಲ್ಲ" ಎಂದೆ.

ಶನಿವಾರ ಭಾವನವರದೇ ಫೋನು. "ಪೇಟೆಗೆ ಹೋಗೋಣ, ಬರ್ತೀಯಾ? ಸ್ಕೋಪ್ ನೋಡ್ಬೇಕು. ನಿಮ್ಮಕ್ಕನಿಗೆ ಹೇಳ್ಬೇಡ."

ಅಕ್ಕನಿಗೆ ಹೇಳಬಾರದಂತೆ! ನಾನು ದೇವರಿಗೆ ಕೈಮುಗಿದು ಹೊರಟೆ. ಖಂಡಿತ ಸ್ಕೋಪ್ ಆರಿಸಲಲ್ಲ. ಅನಾಹುತವಾದರೆ ತಡೆಯಲು.

ಅದು ಗುರಿ ಹೊಡೆಯುವ ಕ್ಲಬ್ಬಿನವರಿಗೆ ಕೋವಿ ಮಾರುವ ಹಳೆಯ ಅಂಗಡಿ. ಬಾಗಿಲಲ್ಲಿ ಕಾವಲಿನ ಆಸ್ಕರಿ, ಒಳಗೆ ಟೈ ಕಟ್ಟಿದ, ನರೆತ ಕೂದಲಿನ ಮಾಲೀಕರು. ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಆ ಗಾಬರಿಯಲ್ಲಿ ನನ್ನ ತಲೆಯೊಳಗೆ ಅದು ಕನ್ನಡವಾಗಿಯೇ ಉಳಿದಿದೆ.

"ಮಬ್ಬು ಬೆಳಕಿಗೆ ಆಗುವ ಸ್ಕೋಪ್ ಬೇಕಿತ್ತು," ಎಂದರು ಭಾವನವರು.

"ಯಾವ ರೈಫಲ್‌ಗೆ?"

"ರೈಫಲ್ ಇಲ್ಲ."

"ಸರಿ. ಲೈಸೆನ್ಸ್ ತೋರಿಸಿ."

ಭಾವನವರು ಡ್ರೈವಿಂಗ್ ಲೈಸೆನ್ಸ್ ತೋರಿಸಿದರು.

ಮಾಲೀಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬಾಗಿಲಿನ ಆಸ್ಕರಿ ನಿಧಾನವಾಗಿ ಒಳಗೆ ಬಂದು ನಮ್ಮ ಹಿಂದೆ ನಿಂತ. ಭಾವನವರಿಗೆ ಇದಾವುದರ ಪರಿವೆಯೂ ಇಲ್ಲ. "ನೋಡುವಾಗ ಒಳಗೆ ಅಡ್ಡಗೆರೆ ಉದ್ದಗೆರೆ ಕಾಣಿಸುತ್ತದಂತಲ್ಲ, ಅದಿಲ್ಲದ ಸ್ಕೋಪ್ ಇದೆಯೆ?"

"ಗೆರೆ ಇಲ್ಲದಿದ್ದರೆ ಗುರಿ ಇಡುವುದು ಹೇಗೆ?"

"ಗುರಿ ಬೇಡ."

"ಸ್ವಾಮಿ, ಇದೆಲ್ಲ ಯಾರಿಗಾಗಿ?"

"ನನ್ನ ಹೆಂಡತಿಗಾಗಿ."

ಮಾಲೀಕರು ನನ್ನತ್ತ ನೋಡಿದರು. ಆ ನೋಟದಲ್ಲಿ ಎಷ್ಟು ಕರುಣೆ! ನಾನೇ ಆ ಹೆಂಡತಿ ಎಂದುಕೊಂಡಿರಬೇಕು. "ಮೇಡಂ, ನೀವು ಈ ಕಡೆ ಬಂದುಬಿಡಿ" ಎಂದು ಮೆಲ್ಲಗೆ ಹೇಳಿ, ಕೌಂಟರಿನ ಮೇಲಿದ್ದ ಫೋನಿನತ್ತ ಕೈ ಚಾಚಿದರು. ಆಸ್ಕರಿ ಭಾವನವರ ಭುಜದ ಮೇಲೆ ಕೈಯಿಟ್ಟ.

"ಅಯ್ಯೋ, ನಾನು ಅವರ ಹೆಂಡತಿಯ ತಂಗಿ!" ಎಂದು ಕೂಗಿದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಇನ್ನಷ್ಟು ಕೆಟ್ಟಿತು.

ಆಗ ಭಾವನವರಿಗೆ ತಾವೇನು ಹೇಳಿದೆವೆಂದು ಹೊಳೆಯಿತು. ಎರಡೂ ಕೈಯೆತ್ತಿ ನಿಂತರು. "ಇಲ್ಲ, ಇಲ್ಲ! ಅವಳಿಗೆ ಕಾಣಿಸುವುದಿಲ್ಲ. ಸಂಜೆಯಾದ ಮೇಲೆ ನನ್ನ ಹೆಂಡತಿಗೆ ಕಾಣಿಸುವುದಿಲ್ಲ."

ನನಗೆ ಕೇಳಿಸಿದ್ದು ಸರಿಯೆ? ಆ ಕೋವಿಗಳ ನಡುವೆ ನಿಜವಾಗಿಯೂ ಗುಂಡು ತಗುಲಿದ್ದು ನನಗೆ.

ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕುಳಿತೆ. ಭಾವನವರು ನನ್ನ ಮುಖ ನೋಡಲಾರದೆ ಗಾಜಿನ ಕೌಂಟರು ನೋಡುತ್ತ ಕನ್ನಡದಲ್ಲಿ ಹೇಳಿದರು: "ರೆಟಿನಾದ ಕಾಯಿಲೆಯಂತೆ ಕಣಮ್ಮ. ಮೊದಲು ಮಬ್ಬಲ್ಲಿ ಕಾಣ್ಸೋದು ನಿಲ್ಲುತ್ತೆ. ಆಮೇಲೆ ನಿಧಾನಕ್ಕೆ ಹಗಲಲ್ಲೂ ಅಂಚಿಂದ ಕಮ್ಮಿ ಆಗ್ತಾ ಬರುತ್ತೆ. ಎರಡು ಆಸ್ಪತ್ರೆಗೆ ತೋರ್ಸಿದ್ವಿ. ಔಷಧಿ ಇಲ್ಲ ಅಂದ್ರು. ಯಾರಿಗೂ ಹೇಳ್ಬೇಡಿ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾಳೆ, ಮಗಳಿಗೂ ಕೂಡ. ಬೇಟೆಯವರ ಸ್ಕೋಪ್ ಕೊನೇ ಬೆಳಕನ್ನೂ ಹಿಡ್ಕೊಡುತ್ತೆ ಅಂತ ಎಲ್ಲೋ ಓದ್ದೆ. ಅವಳಿಗೆ ಸಂಜೆ ಅಂದ್ರೆ ತುಂಬಾ ಇಷ್ಟ, ನಿಂಗೆ ಗೊತ್ತಲ್ಲ."

ಮಾಲೀಕರಿಗೆ ಭಾಷೆ ತಿಳಿಯದಿದ್ದರೂ ಫೋನನ್ನು ಕೆಳಗಿಟ್ಟರು. ಆಸ್ಕರಿಯ ಕೈ ಭಾವನವರ ಭುಜದ ಮೇಲೆಯೇ ಇತ್ತು, ಆದರೆ ಈಗ ಅದು ಹಿಡಿದ ಕೈಯಾಗಿರಲಿಲ್ಲ. "ಪೋಲೆ, ಪೋಲೆ ಸಾನಾ," ಎಂದ ಅವನು. ಇಲ್ಲಿಯವರು ಇನ್ನೊಬ್ಬರ ನೋವಿಗೆ ಹೇಳುವ ಮಾತು ಅದು.

ಮಾಲೀಕರು ಹೇಳಿದರು: "ಕೋವಿಯ ಲೈಸೆನ್ಸ್ ಇಲ್ಲದೆ ನಾನು ಸ್ಕೋಪ್ ಕೊಡಲಾರೆ. ಕೊಡಬಹುದಾಗಿದ್ದರೂ ಕೊಡುತ್ತಿರಲಿಲ್ಲ. ಅದರಲ್ಲಿ ಒಂದೇ ಕಣ್ಣಲ್ಲಿ ನೋಡಬೇಕು, ಕಾಣುವುದೂ ಇಷ್ಟೇ ಇಷ್ಟು. ಎರಡೂ ಕಣ್ಣಿನದು ತೆಗೆದುಕೊಳ್ಳಿ." ಹಿಂದಿನ ಕಪಾಟಿನಿಂದ ಹಡಗಿನವರು ಬಳಸುವಂಥ, ಅಗಲ ಗಾಜಿನ, ಇಟ್ಟಿಗೆಯಷ್ಟು ಭಾರದ ಬೈನಾಕ್ಯುಲರ್ ತಂದಿಟ್ಟರು.

ಭಾವನವರು ಅದನ್ನು ಪರೀಕ್ಷೆ ಮಾಡಲೇ ಇಲ್ಲ. ಅವರನ್ನು ಬಲ್ಲ ಯಾರೂ ಇದನ್ನು ನಂಬುವುದಿಲ್ಲ. ಎತ್ತಿ ಎದೆಗೆ ಒತ್ತಿಕೊಂಡು, "ಇದೇ ಕೊಡಿ" ಎಂದುಬಿಟ್ಟರು!

ಅದೇ ಸಂಜೆ ಅಕ್ಕನನ್ನು ಕೈಹಿಡಿದು ಅವರ ಬಿಲ್ಡಿಂಗಿನ ತಾರಸಿಗೆ ಕರೆದುಕೊಂಡು ಹೋದೆವು. ನಾನು ಮೆಟ್ಟಿಲು ಮೆಟ್ಟಿಲಿಗೂ ಕೈ ಬಿಡದ್ದರಿಂದಲೇ ಅಕ್ಕನಿಗೆ ಎಲ್ಲ ತಿಳಿಯಿತು.

"ಇವಳಿಗೆ ಹೇಳ್ಬಿಟ್ರಾ?"

"ಅಂಗಡಿಯವರು ಪೊಲೀಸರನ್ನ ಕರೀತಿದ್ರು ಕಣೆ! ನಾನು ಇನ್ನೇನ್ ಮಾಡ್ಲಿ?"

ನಡೆದದ್ದನ್ನೆಲ್ಲ ಕೇಳಿ ಅಕ್ಕ ತಾರಸಿಯ ಕಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು. ನನ್ನ ಕುಪ್ಪಸದ ತೋಳು ಒದ್ದೆಯಾಯಿತು.

ನೈರೋಬಿಯಲ್ಲಿ ಸೂರ್ಯ ಮುಳುಗಿದ ಮೇಲೆ ಮುಸ್ಸಂಜೆ ಹೆಚ್ಚು ಹೊತ್ತು ಇರುವುದಿಲ್ಲ. ಅಕ್ಕ ಬೈನಾಕ್ಯುಲರನ್ನು ಕಣ್ಣಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಭಾವನವರು ಪಕ್ಕದಲ್ಲಿ ಲಾಳಿಕೆಯ ಪಾಠ ಶುರುಮಾಡಿದರು.

"ಸ್ವಲ್ಪ ಸುಮ್ನಿರ್ತೀರಾ? ಮರಗಳೆಲ್ಲ ಬೂದಿ ಬೂದಿ. ಏನೂ ಗೊತ್ತಾಗ್ತಿಲ್ಲ."

ಭಾವನವರ ಮುಖ ಇಳಿದುಹೋಯಿತು. ಅದನ್ನು ಅಕ್ಕ ನೋಡಲಿಲ್ಲ. ಆದರೆ ಅವರ ಮಾತು ನಿಂತದ್ದು ಅವಳಿಗೆ ಕೇಳಿಸಿತು. ಬೈನಾಕ್ಯುಲರನ್ನು ಅವರತ್ತ ತಿರುಗಿಸಿದಳು.

"ರೀ, ತುಂಬಾ ಹತ್ರ ಇದೀರ. ಹಿಂದೆ ಹೋಗಿ."

ಅವರು ಹಿಂದೆ ಹಿಂದೆ ಸರಿದರು. "ಇನ್ನೂ ಹೋಗಿ." ನೀರಿನ ಟ್ಯಾಂಕಿನವರೆಗೆ ಹೋಗಿ ಬೆನ್ನು ತಾಗಿಸಿ, ಪಾಸ್‌ಪೋರ್ಟ್ ಫೋಟೋಗೆ ನಿಂತವರಂತೆ ನೆಟ್ಟಗೆ ನಿಂತರು. ಪಶ್ಚಿಮದಲ್ಲಿ ಉಳಿದಿದ್ದ ಬೆಳಕೆಲ್ಲ ಅವರ ಮುಖದ ಮೇಲಿತ್ತು.

"ಹಾಂ, ಸಿಕ್ರಿ! ಅಂಗಿ ಗುಂಡಿ ತಪ್ಪಾಗಿ ಹಾಕಿದ್ದೀರ."

"ಕಾಣಿಸ್ತಾ ಇದ್ಯಾ?" ಭಾವನವರು ಕತ್ತು ಬಗ್ಗಿಸಿ ಗುಂಡಿ ನೋಡಿಕೊಂಡರು.

"ಕಾಣಿಸ್ತಿದೆ. ಅಲ್ಲೇ ಇರಿ."

ಅವರು ಅಲ್ಲೇ ಇದ್ದರು. ಬೆಳಕು ಇಳಿಯುತ್ತ ಬಂತು. ಟ್ಯಾಂಕು ಮಸುಕಾಯಿತು, ಅದಕ್ಕೊರಗಿದ ಭಾವನವರು ಬರೀ ನೆರಳಾದರು, ಆಮೇಲೆ ನೆರಳೂ ಉಳಿಯಲಿಲ್ಲ. ಐದೂವರೆ ಮಿಲಿಮೀಟರಿನ ನನ್ನ ಗಟ್ಟಿ ಕಣ್ಣಿಗೇ ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಈಗ್ಲೂ ಕಾಣಿಸ್ತೀನಾ?" ಎಂದು ಕತ್ತಲಿನಿಂದ ಕೇಳಿದರು.

ಅಕ್ಕ ಬೈನಾಕ್ಯುಲರ್ ಕೆಳಗಿಳಿಸಲಿಲ್ಲ. "ಹೂಂ," ಎಂದಳು, "ಚೆನ್ನಾಗಿ ಕಾಣಿಸ್ತಿದೀರ."