ಖಾಲಿ ಡಬ್ಬಿಗಳು ಮತ್ತು ನಮ್ಮ ಗಲ್ಲಿಯ ಚರಿತ್ರೆ

ಚರಿತ್ರೆ ಬರೆಯುವುದು ಬೇರೆ ಕೆಲಸವಿಲ್ಲದವರ ಕೆಲಸವೆಂದು ನಾನು ಬಹಳ ಕಾಲ ನಂಬಿದ್ದೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆ ಅರ್ಹತೆ ನನಗೂ ಬಂತು. ನಾವಿರುವುದು ನಾಗಪುರದ ಸದರ್‌ನಲ್ಲಿ, ಚರ್ಚಿನ ಹಿಂದಿನ ಒಂದು ಗಲ್ಲಿಯಲ್ಲಿ. ನಸುಕಿಗೆ ಅಜಾನ್, ಅದು ಮುಗಿಯುತ್ತಲೇ ಚರ್ಚಿನ ಗಂಟೆ, ಆಮೇಲೆ ಹನುಮಾನ್ ಮಂದಿರದ ಲೌಡ್‌ಸ್ಪೀಕರ್. ಸರ್ವಧರ್ಮ ಸಮನ್ವಯದ ಕೃಪೆಯಿಂದ ಯಾರಿಗೂ ನಿದ್ದೆಯಿಲ್ಲ. ಗಲ್ಲಿಯ ಕಮಿಟಿ ಸ್ಮರಣ ಸಂಚಿಕೆ ತರುವುದೆಂದಾದಾಗ ಚರಿತ್ರೆಯ ಭಾಗ ನನಗಿರಲಿ ಎಂದು ಕೈಯೆತ್ತಿದೆ. ಅದರಲ್ಲಿ ಸ್ವಾರ್ಥವಿತ್ತು. ಇಪ್ಪತ್ತಾರು ವರ್ಷ ಇಲ್ಲೇ ಬದುಕಿದರೂ ಇವರ ಪಾಲಿಗೆ ನಾನು 'ಮದ್ರಾಸಿ ಸಾಹೇಬ'. ಧಾರವಾಡ ಮದ್ರಾಸಿನಲ್ಲಿಲ್ಲ ಎಂದು ಹೇಳಿ ಹೇಳಿ ಬಾಯಿ ಸೋತಿತ್ತು. ಚರಿತ್ರೆಯಲ್ಲಾದರೂ ಒಂದು ಸಾಲಿನಲ್ಲಿ ನುಸುಳಿ ಇಲ್ಲಿಯವನಾಗಿಬಿಡಬೇಕೆಂಬ ಆಸೆ ನನಗಿತ್ತು.

ಮೊದಲು ಎದುರುಮನೆಯ ದೇಶಮುಖ ಕಾಕಾ ಬಳಿ ಹೋದೆ. ಅವರ ಅಜ್ಜ ಮನೆ ಕಟ್ಟಿದಾಗ ಸುತ್ತ ಬರೀ ಕಾಡಿತ್ತಂತೆ, ಹುಲಿಯೂ ಇತ್ತಂತೆ. ಟೈಲರ್ ರಶೀದ್ ಭಾಯಿಯ ಮುತ್ತಜ್ಜ ಬಂದಾಗಲೂ ಕಾಡೇ. ಕಾಕಾನ ಅಜ್ಜ ಒಂದೇ ಟ್ರಂಕು ಹೊತ್ತು ಬಂದದ್ದನ್ನು ಆ ಮುತ್ತಜ್ಜ ಕಣ್ಣಾರೆ ಕಂಡಿದ್ದರಂತೆ. ಫರ್ನಾಂಡಿಸ್ ಆಂಟಿ ಇಬ್ಬರ ಮಾತನ್ನೂ ಕೈಯಾಡಿಸಿ ತಳ್ಳಿಹಾಕಿ, ತಮ್ಮ ಮನೆ ಎದ್ದ ಮೇಲಷ್ಟೇ ಇದು ಗಲ್ಲಿಯಾಯಿತು ಎಂದರು. ಒಟ್ಟಿನಲ್ಲಿ ಎಲ್ಲರಿಗಿಂತ ಮೊದಲು ಎಲ್ಲರೂ ಬಂದಿದ್ದರು. ನನ್ನದೂ ಒಂದು ಸಾಲು ಸೇರಿಸಲೇ ಎಂದು ಕೇಳಿದೆ. "ಆಪ್ ತೋ ಅಭೀ ಅಭೀ ಆಯೇ ಹೋ, ಸಾಹೇಬ್" ಎಂದರು ರಶೀದ್ ಭಾಯಿ, ನಾನು ಈಗಷ್ಟೇ ಬಂದಿಳಿದವನೆಂಬಂತೆ. ನಾನು ಬಂದ ಹೊಸತರಲ್ಲಿ ಅವರ ಬಳಿಯೇ ಹೊಲಿಸಿದ್ದ ಪ್ಯಾಂಟಿನ ಸೊಂಟವನ್ನು ಇದುವರೆಗೆ ನಾಲ್ಕು ಸಲ ಸಡಿಲಿಸಿಕೊಟ್ಟವರು ಈ ಮಾತು ಹೇಳಿದರು.

ಹೆಂಡತಿ ಶಾರದಾ ಆಗ ಧಾರವಾಡದ ಅಕ್ಕನ ಮನೆಗೆ ಹೋಗಿದ್ದಳು. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಪರರ ಪಾತ್ರೆಗಳದೇ ರಾಜ್ಯ: ದೀಪಾವಳಿಯ ಚಕ್ಕುಲಿ-ಉಂಡೆ ಫರಾಳದ ಡಬ್ಬಿ, ಈದಿನ ಶೀರ್ ಖುರ್ಮಾ ಪಾಯಸದ ಬೋಗುಣಿ, ಕ್ರಿಸ್‌ಮಸ್ ಕೇಕಿನ ತಟ್ಟೆ. ಹೇಗೂ ಮನೆಮನೆ ಅಲೆಯುತ್ತಿದ್ದೇನಲ್ಲ ಎಂದು ಎಲ್ಲವನ್ನೂ ಫಳಫಳ ತೊಳೆದು ಒಂದೇ ದಿನ ಹಂಚಿಬಂದೆ. ಆಂಟಿ ತಟ್ಟೆಯನ್ನು ನೋಡಿದರು, ನನ್ನ ಮುಖ ನೋಡಿದರು, ನನ್ನ ತಲೆ ಸವರಿದರು. ಈ ಗಲ್ಲಿಯಲ್ಲಿ ಪಾತ್ರೆ ಮರಳುವುದಾದರೆ ಏನಾದರೂ ತುಂಬಿಕೊಂಡೇ ಮರಳಬೇಕು, ಎಲ್ಲರದನ್ನೂ ಒಟ್ಟಿಗೆ ಖಾಲಿ ಹಿಂದಿರುಗಿಸುವವರು ಮನೆ ಬಿಟ್ಟು ಹೊರಟವರು ಮಾತ್ರ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಚರಿತ್ರೆಕಾರರಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಸಂಜೆ ಬಾಗಿಲು ತೆರೆದರೆ ಗಲ್ಲಿಗೆ ಗಲ್ಲಿಯೇ ನಿಂತಿತ್ತು, ಶಾಲು ತೆಂಗಿನಕಾಯಿ ಸಮೇತ. ಕಾಕಾ ಭಾಷಣ ಶುರುಮಾಡಿದರು: "ಹೇ ತರ್ ಆಮ್ಚ್ಯಾ ಸದರ್‌ಚೇಚ್ ಮಾಣೂಸ್." ಅಪ್ಪಟ ನಮ್ಮ ಸದರ್‌ನ ಮನುಷ್ಯ! ರಶೀದ್ ಭಾಯಿ ಕಣ್ಣೊರೆಸಿಕೊಂಡು, "ಯೇ ಗಯೇ ತೋ ಗಲ್ಲಿ ಕಾ ಇತಿಹಾಸ್ ಗಯಾ" ಎಂದರು. ನಾನು ಹೋದರೆ ಗಲ್ಲಿಯ ಇತಿಹಾಸವೇ ಹೋದಂತೆ! ನಾನೆಲ್ಲೂ ಹೋಗುತ್ತಿಲ್ಲ ಎಂದು ಆಗಲೇ ಹೇಳಬೇಕಿತ್ತು. ಆದರೆ ಕಾಕಾ ನನ್ನ ಸದ್ಗುಣಗಳ ಪಟ್ಟಿಯನ್ನು ಆಗಷ್ಟೇ ಬಿಚ್ಚಿದ್ದರು, ನಡುವೆ ಬಾಯಿ ಹಾಕುವುದು ಅಸಭ್ಯತೆ. ನನಗೂ ಕಣ್ಣು ತುಂಬಿ ಬಂತು, ನಾಟಕಕ್ಕಲ್ಲ. ಶಾಲಿಗೆ ಕತ್ತು ಬಗ್ಗಿಸಿದೆ.

ಅದೇ ಹೊತ್ತಿಗೆ ಸ್ಟೇಷನ್ನಿನಿಂದ ಶಾರದಾಳ ಆಟೋ ಬಂತು.

"ಏನ್ರೀ ಇದು? ಯಾರ್ ಹೊಂಟಾರ?"

"ನಾವ ಅಂತ," ಎಂದೆ ಮೆಲ್ಲಗೆ.

"ಎಲ್ಲಿಗೆ?"

ಎರಡು ವಾರವಾಯಿತು, ಆ ಪ್ರಶ್ನೆ ಹಾಗೇ ಉಳಿದಿದೆ. ನಿಜ ಹೇಳಲು ದಿನಾ ಹೊರಡುತ್ತೇನೆ; ದಾರಿಯಲ್ಲಿ ಯಾರಾದರೂ ಕೈ ಹಿಡಿದು, ನಿಮ್ಮಂಥ ಹಳಬರು ಇನ್ನೆಲ್ಲಿ ಸಿಗುತ್ತಾರೆ ಎನ್ನುತ್ತಾರೆ, ಸುಮ್ಮನೆ ಮರಳುತ್ತೇನೆ. ಶಾರದಾ ಮಾತು ಬಿಟ್ಟಿದ್ದಾಳೆ. ಸದರ್‌ನವನೆಂಬ ಹೆಸರು ಉಳಿಸಿಕೊಳ್ಳಲು ನಾನೀಗ ಊರಿನ ಇನ್ನೊಂದು ತುದಿಯ ಪ್ರತಾಪ ನಗರದಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇನೆ.