ಪಂಪು ಬದಲಾಯಿಸಿದ ದಿನ

ಅನಾಹುತಕ್ಕೆಲ್ಲ ಮೂಲ ಬಾವಿಯ ಪಂಪು. ದೇಶದ ಚುನಾವಣೆಯ ದಿನ ಬೆಳಿಗ್ಗೆ ಆಲೂಗಡ್ಡೆ ಬೆಳೆಯುವ ನಿಧಾನಪ್ಪ ಕ್ಷೌರದ ಅಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಊರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಂಗಿ ಬದಲಾಯಿಸುವುದಕ್ಕೂ ಎರಡು ದಿನ ಯೋಚಿಸುವ ಆಸಾಮಿ. ಆಗಲೂ ಕೆಡುತ್ತ ಬಂದಿದ್ದ ಪಂಪಿನ ಯೋಚನೆಯಲ್ಲೇ ಇದ್ದ.

"ಈ ಸಲ ಏನಣ್ಣ?" ಎಂದು ಕೇಳಿದ ಕ್ಷೌರಿಕ, ಕತ್ತಿ ಮಸೆಯುತ್ತ.

"ಮೂವತ್ತು ವರ್ಷ ಆಯ್ತಪ್ಪ. ಸದ್ದು ಜಾಸ್ತಿ, ನೀರು ಕಮ್ಮಿ. ಈ ಸಲ ಬದಲಾಯಿಸೋದೇ!"

ಕತ್ತಿ ಗಾಳಿಯಲ್ಲೇ ನಿಂತಿತು. ಕ್ಷೌರಿಕ ಕೇಳಿದ್ದು ವೋಟಿನ ವಿಷಯ. ಮೂವತ್ತು ವರ್ಷದಿಂದ ನಿಧಾನಪ್ಪನ ವೋಟು ಹಳೇ ಪಕ್ಷಕ್ಕೆ ಎಂಬುದು ತೊಟ್ಟಿಲ ಕೂಸಿಗೂ ಗೊತ್ತಿತ್ತು. ಅವನ ಹೆಂಡತಿಯ ಅಣ್ಣನೇ ಆ ಪಕ್ಷದ ಊರ ಮುಖಂಡ.

ನಿಧಾನಪ್ಪ ಮುಖ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಸುದ್ದಿ ಮೂರು ಬೀದಿ ದಾಟಿತ್ತು. ಕೊಯ್ಲಿನ ಹೊತ್ತಿಗೇ ಹಳೇ ಪಕ್ಷದ ಸರ್ಕಾರ ಹೊರದೇಶದ ಆಲೂಗಡ್ಡೆ ತರಿಸಿ ಬೆಲೆ ನೆಲಕಚ್ಚಿಸಿದ್ದರಿಂದ ರೈತರೆಲ್ಲ ಒಳಗೊಳಗೇ ಕುದಿಯುತ್ತಿದ್ದರು. ಆದರೆ ಮೊದಲು ನೀರಿಗಿಳಿಯುವವರು ಯಾರು? ನಿಧಾನಪ್ಪನೇ ಇಳಿದ ಎಂದ ಮೇಲೆ ಆಳ ನೋಡುವ ಕೆಲಸವೇ ಉಳಿಯಲಿಲ್ಲ.

ಎಲೆಕೋಸು ಬೆಳೆಯುವ ಪಕ್ಕದ ಮನೆಯವನು ಬಂದು ತಬ್ಬಿಕೊಂಡ. "ಭಲೇ! ನೀನೇ ಹೊರಟ ಮೇಲೆ ನಮಗೇನು?"

"ಅಯ್ಯೋ, ನಾನು ಹೇಳಿದ್ದು ಪಂಪು ಕಣೋ!"

"ಗೊತ್ತು ಬಿಡು. ಪಂಪು!" ಎಂದು ಅವನು ಕಣ್ಣು ಹೊಡೆದ.

ಮಧ್ಯಾಹ್ನದ ಹೊತ್ತಿಗೆ ಊರಿಡೀ ಅದೇ ಗುಟ್ಟಿನ ಮಾತು. "ಪಂಪು ಬದಲಾಯಿಸಿದ್ಯಾ?" "ಈಗ ತಾನೇ ಬದಲಾಯಿಸಿ ಬಂದೆ." ಹೊಸ ಪಕ್ಷದ ಹುಡುಗರು ಅಂಗಳಕ್ಕೇ ನುಗ್ಗಿ ನಿಧಾನಪ್ಪನನ್ನು ಆಲೂಗಡ್ಡೆ ಮೂಟೆಯಂತೆ ಹೆಗಲಿಗೇರಿಸಿಕೊಂಡರು. ಸರಿಯಾಗಿ ಆಗಲೇ ಹೆಂಡತಿಯ ಅಣ್ಣ, ಅವನ ಭಾವ, ಬಂದ.

"ಭಾವ, ಇಡೀ ಊರು ಕೈಬಿಟ್ರೂ ನೀವಿದ್ದೀರಿ ಅಂದ್ಕೊಂಡಿದ್ದೆ" ಎಂದವನೇ, ಇಟ್ಟ ನೀರನ್ನೂ ಮುಟ್ಟದೆ ಹೊರಟುಹೋದ. ಹೆಂಡತಿ ಅಡುಗೆಮನೆಗೆ ಹೋದಳು. ಅವಳ ಸಿಟ್ಟನ್ನು ಪಾತ್ರೆಗಳೇ ಹೇಳಿದವು.

ಸಂಜೆಯ ಮುನ್ನ ನಿಧಾನಪ್ಪ ಶಾಲೆಯ ಕೋಣೆಯಲ್ಲಿ, ರಟ್ಟಿನ ಮರೆಯ ಹಿಂದೆ, ಮುದ್ರೆ ಹಿಡಿದು ನಿಂತ. ನಿಜ ಹೇಳಬೇಕೆಂದರೆ ಅವನಿಗೂ ಸಿಟ್ಟಿತ್ತು. ಅರ್ಧ ಬೆಳೆ ಹೊಲದಲ್ಲೇ ಕೊಳೆತಿತ್ತು. ಕೈ ತಾನಾಗಿಯೇ ಹೊಸ ಪಕ್ಷದ ಗುರುತಿನತ್ತ ಹೋಯಿತು. ಅಷ್ಟರಲ್ಲಿ ಭಾವನ ಮುಖ ಕಣ್ಣ ಮುಂದೆ ಬಂತು. ಹೆಂಡತಿಯ ಹೆರಿಗೆ ಕಷ್ಟವಾದಾಗ ಮೂರು ದಿನ ಆಸ್ಪತ್ರೆಯ ಬೆಂಚು ಬಿಟ್ಟೇಳದ ಮನುಷ್ಯ. 'ಪಕ್ಷ ಹಾಳಾಗಿ ಹೋಗಲಿ, ಭಾವ ತಲೆಯೆತ್ತಿ ಓಡಾಡಲಿ' ಎಂದುಕೊಂಡು ಹಳೇ ಗುರುತಿಗೇ ಒತ್ತಿದ.

ಮತದಾನ ಮುಗಿದ ಮೇಲೆ ಎಣಿಕೆಯೂ ಆ ಕೋಣೆಯಲ್ಲೇ ನಡೆದು ಮುಗಿಯಿತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಓದಿದರು: "ಹೊಸ ಪಕ್ಷ, ನಾನೂರ ಹನ್ನೆರಡು. ಹಳೇ ಪಕ್ಷ..." ಹಾಳೆಯ ಹಿಂಬದಿಯನ್ನೂ ಒಮ್ಮೆ ನೋಡಿದರು. "ಒಂದು."

ಎಲ್ಲರ ಕತ್ತೂ ಭಾವನತ್ತ ತಿರುಗಿತು. ಭಾವ ಥಟ್ಟನೆ ಎದ್ದು ಎದೆ ತಟ್ಟಿಕೊಂಡ. "ಆ ಒಂದು ನಂದು! ಸ್ವಂತ ಭಾವನೇ ಕೈಕೊಟ್ರೂ ನಾನು ನಿಯತ್ತು ಬಿಡಲಿಲ್ಲ!"

ಜನ ಚಪ್ಪಾಳೆ ತಟ್ಟಿದರು. ನಿಧಾನಪ್ಪ ಬಾಯಿ ತೆರೆದ. ಅವನು ನೋಡುತ್ತಿದ್ದಂತೆ ಭಾವನ ದೃಷ್ಟಿ ಅವನಿಂದ ತಪ್ಪಿಸಿಕೊಂಡು ಸೂರಿನ ಕಡೆ ಜಾರಿತು. ನಿಧಾನಪ್ಪ ಬಾಯಿ ಮುಚ್ಚಿದ.

ಮನೆಯ ದಾರಿಯಲ್ಲಿ ಹೆಂಡತಿ ಹತ್ತಿರ ಸರಿದು ಪಿಸುಗುಟ್ಟಿದಳು: "ಯಾರಿಗೂ ಹೇಳ್ಬೇಡಿ. ಆ ಒಂದು ವೋಟು ಹಾಕಿದ್ದು ನಾನು. ಅಣ್ಣನ ಮರ್ಯಾದೆ ಉಳೀಲಿ ಅಂತ. ನಿಮಗೂ ಅಷ್ಟು ಬುದ್ಧಿ ಬರಬಾರದಿತ್ತಾ?"

ನಿಧಾನಪ್ಪ ಹತ್ತು ಹೆಜ್ಜೆ ಯೋಚಿಸಿದ.

"ತಪ್ಪಾಯ್ತು ಕಣೇ" ಎಂದ.