ಹದಿನಾಲ್ಕು ಪೌಂಡಿನ ಸುಳ್ಳು

ಹರ್ಬರ್ಟ್ ಸಗ್ಡನ್ ತನ್ನ ಅರವತ್ತೊಂಬತ್ತು ವರ್ಷದ ಬಾಳಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಮೂರು ಸಾಲಿನದು. ಊರಿನವರು ಅದನ್ನು ಹಿತ್ತಾಳೆಯ ಮೇಲೆ ಕೆತ್ತಿಸಿ, ಚರ್ಚಿನ ಗೇಟಿನ ಬಳಿಯ ಕಲ್ಲಿಗೆ ಜಡಿದುಬಿಟ್ಟರು.

ಈ ಸುದ್ದಿ ತಂದವಳು ಥಾರ್ಲಿ ಊರಿನ ಇತಿಹಾಸ ಸಂಘದ ಕಾರ್ಯದರ್ಶಿ ಬೆರಿಲ್ ಕ್ಲೆಗ್. ಶನಿವಾರ ಬೆಳಿಗ್ಗೆ ಹರ್ಬರ್ಟ್ ಕರಕಲಾದ ಬ್ರೆಡ್ಡನ್ನು ಚಾಕುವಿನಿಂದ ಕೆರೆಯುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಹರ್ಬರ್ಟ್, ಇವತ್ತು ನಾಲ್ಕು ಗಂಟೆಗೆ ಒಳ್ಳೆ ಕೋಟು ಹಾಕ್ಕೊಂಡು ಚರ್ಚಿನ ಗೇಟಿನ ಹತ್ರ ಬನ್ನಿ. ಯಾಕೆ ಅಂತ ಮಾತ್ರ ಕೇಳ್ಬೇಡಿ. ಗುಟ್ಟು."

ಹರ್ಬರ್ಟ್ ಕೇಳಲಿಲ್ಲ. ಬೆರಿಲ್ ಅರ್ಧ ನಿಮಿಷ ಕಾದಳು. ಅದಕ್ಕಿಂತ ಹೆಚ್ಚು ಹೊತ್ತು ಗುಟ್ಟು ಹಿಡಿದಿಡುವುದು ಅವಳ ಜಾಯಮಾನವಲ್ಲ.

"ನಿಮ್ಮ 'ಸ್ಟೋನ್' ಲೇಖನ ಇತ್ತಲ್ಲ, ಆ ಕಲ್ಲಿಗೆ ಫಲಕ ಹಾಕಿಸಿದೀವಿ. ಕೆಳಗಡೆ 'ಸಂಶೋಧನೆ: ಮ್ಯೂರಿಯಲ್ ಸಗ್ಡನ್' ಅಂತ ಇದೆ. ನೀವು ಅವರ ಹಳೇ ಟಿಪ್ಪಣಿ ನೋಡ್ಕೊಂಡೇ ತಾನೇ ಬರೆಯೋದು. ಪರದೆ ಸರಿಸೋಕೆ ಡಾಕ್ಟರ್ ಎಲ್ಲರ್ಬಿ ಬರ್ತಿದಾರೆ. ನಿಘಂಟಿನ ಕಚೇರೀಲಿ ನಲವತ್ತು ವರ್ಷ ಇದ್ದವರು. ನಾವು ಕರೀಲೂ ಇಲ್ಲ ನೋಡಿ, ಅವರೇ ಕಾಗದ ಬರೆದ್ರು. ಆ ಮಾತಿನ ಹುಟ್ಟಿನ ಬಗ್ಗೆ ಅವರಿಗೆ ಏನೋ ಹೇಳೋದಿದೆಯಂತೆ."

ಹರ್ಬರ್ಟನ ಕೈಯಿಂದ ಚಾಕು ಜಾರಿ ಮಾರ್ಮಲೇಡ್ ಜಾಮಿನ ಜಾಡಿಯೊಳಗೆ ಬಿತ್ತು.

ಮ್ಯೂರಿಯಲ್ ಅವನ ಹೆಂಡತಿ. ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಹನ್ನೊಂದು ವರ್ಷ ಅವಳು ಚರ್ಚಿನ ತಿಂಗಳ ಪತ್ರಿಕೆಯಲ್ಲಿ 'ಮ್ಯೂರಿಯಲ್ ಹೇಳುವ ಮಾತು' ಎಂಬ ಅಂಕಣ ಬರೆದಿದ್ದಳು. ತಿಂಗಳಿಗೊಂದು ಇಂಗ್ಲಿಷ್ ಪದ. ಅದರ ಅರ್ಥಗಳು, ಅದು ಹುಟ್ಟಿದ ಕತೆ, ಕೊನೆಗೆ ಅದರ ಅಕ್ಷರಗಳನ್ನು ಅದಲುಬದಲು ಮಾಡಿದರೆ ಯಾವ ಯಾವ ಹೊಸ ಪದ ಬರುತ್ತದೆಂಬ ಆಟ. ತಿಂಗಳಿಗೊಮ್ಮೆ ಅವಳಿಗೊಂದು ನೀಲಿ ಲಕೋಟೆ ಬರುತ್ತಿತ್ತು. ಅದನ್ನು ಉಗ್ರಾಣದೊಳಗೆ ಒಯ್ದು ಓದಿ ಒಬ್ಬಳೇ ನಗುತ್ತಿದ್ದಳು. ಯಾರದು ಎಂದರೆ, ಹೊಲಿಗೆ ಸಂಘದ ಗೆಳತಿ ಎನ್ನುತ್ತಿದ್ದಳು.

ಅವಳು ಹೋದ ಮೇಲೆ ಅಂಕಣ ನಿಲ್ಲಬಾರದೆಂದು ಹರ್ಬರ್ಟ್ ಅದೇ ಹೆಸರಿನಲ್ಲಿ ಮುಂದುವರಿಸಿದ. ಆದರೆ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟು ಸವೆದ ಮನುಷ್ಯ ಅವನು. ಅವನ ಬರಹ ವೇಳಾಪಟ್ಟಿಯಂತೆ ಇರುತ್ತಿತ್ತು. ಅವಳ ಅದೇ ದಪ್ಪ ನಿಘಂಟು, ಅದರ ಮೇಲೆ ಅವಳ ಅದೇ ಕನ್ನಡಕ. ಅವಳು ಅದರಿಂದ ತಿಂಗಳು ತಿಂಗಳೂ ಜೇನು ತೆಗೆದಂತೆ ಕತೆ ತೆಗೆಯುತ್ತಿದ್ದಳು. ಅವನಿಗೆ ಸಿಗುತ್ತಿದ್ದುದು ಬರೀ ಮೇಣ. ತನಗೆ ಹುಡುಕಲು ಬರುವುದಿಲ್ಲ ಎಂದು ನೊಂದುಕೊಳ್ಳುತ್ತಿದ್ದ.

'ಸ್ಟೋನ್' ಬಂದಾಗ ಅವನು ಸೋತ. ಅರ್ಥಗಳೇನೋ ಸಿಕ್ಕವು: ಕಲ್ಲು, ಹಣ್ಣಿನ ಓಟೆ, ಉಂಗುರದ ಹರಳು, ಹೊಟ್ಟೆಯೊಳಗೆ ಬೆಳೆದು ಮನುಷ್ಯನನ್ನು ನೋವಿನಲ್ಲಿ ಹೊರಳಾಡಿಸುವುದು, ಮತ್ತೆ ಅಲ್ಲಿಯವರು ಮೈತೂಕ ಹೇಳುವ ಹದಿನಾಲ್ಕು ಪೌಂಡಿನ ಅಳತೆ. ಅಕ್ಷರದಾಟವೂ ಕೂಡಿಬಂತು: ಇಂಗ್ಲಿಷಿನ ಅದೇ ಐದು ಅಕ್ಷರಗಳಿಂದ 'ನೋಟ್ಸ್', 'ಟೋನ್ಸ್', 'ಆನ್‌ಸೆಟ್'. ಹುಟ್ಟು ಮಾತ್ರ ಒಣಕಲು. ಹಳೆಯ ಕಾಲದಿಂದಲೂ ಕಲ್ಲಿಗೆ ಕಲ್ಲು ಎನ್ನುತ್ತಿದ್ದರು, ಅಷ್ಟೇ. ಮ್ಯೂರಿಯಲಳ ಹೆಸರಿನ ಕೆಳಗೆ ಇಂಥ ಒಣಮಾತು ಇನ್ನೊಮ್ಮೆ ಹೋಗಬಾರದೆಂದು ಅವನು ಮೂರು ಸಾಲು ಕಟ್ಟಿ ಬರೆದ. ಥಾರ್ಲಿಯ ಹಳೆಯ ಪಾದ್ರಿಯೊಬ್ಬರು ಉಣ್ಣೆ ವ್ಯಾಪಾರಿಗಳ ಮೋಸ ತಡೆಯಲು ಚರ್ಚಿನ ಗೇಟಿನ ಕಲ್ಲನ್ನೇ ತಕ್ಕಡಿಗೆ ಹಾಕಿದರಂತೆ. ಅದು ಹದಿನಾಲ್ಕು ಪೌಂಡು ತೂಗಿತಂತೆ. ಅಂದಿನಿಂದ ದೇಶಕ್ಕೆಲ್ಲ ಅದೇ 'ಒಂದು ಸ್ಟೋನ್' ಆಯಿತಂತೆ.

ಯಾರೂ ಓದುವುದಿಲ್ಲ ಎಂದುಕೊಂಡಿದ್ದ. ಓದಿಬಿಟ್ಟಿದ್ದರು.

"ಬೆರಿಲ್, ಆ ಕತೆ ನಿಜ ಅಲ್ಲ," ಎಂದ ಹರ್ಬರ್ಟ್. "ನಾನು ಸುಮ್ನೆ ಬರೆದದ್ದು."

ಥಾರ್ಲಿಯಲ್ಲಿ ಒಂದು ಕಟ್ಟಳೆ. ಯಾರಾದರೂ ಹೊಗಳಿದರೆ, ಅದರಲ್ಲೇನಿದೆ ಎಂದು ತಳ್ಳಿಹಾಕಬೇಕು. ಗುಲಾಬಿಗೆ ಬಹುಮಾನ ಗೆದ್ದವನು ಗೊಬ್ಬರವನ್ನು ಹೊಗಳುತ್ತಾನೆ. ಕೇಕಿಗೆ ಬಹುಮಾನ ಗೆದ್ದವಳು, ಒಳಗೆ ಹಸಿಯಾಗಿದೆ, ಯಾರೂ ತಿನ್ನಬೇಡಿ ಎನ್ನುತ್ತಾಳೆ. ಬೆರಿಲ್ ಅವನ ತೋಳು ತಟ್ಟಿದಳು.

"ನೀವು ಹಾಗೇ ಅಂತೀರಿ ಅಂತ ನಂಗೊತ್ತಿತ್ತು," ಎಂದು ಹೊರಟೇಹೋದಳು.

ಹರ್ಬರ್ಟ್ ಮ್ಯೂರಿಯಲಳ ಕನ್ನಡಕದ ಕಡೆ ನೋಡಿದ. ಸುಳ್ಳು ತನ್ನದು, ಹೆಸರು ಹೋಗುವುದು ಅವಳದು. ನಾಲ್ಕು ಗಂಟೆಗೆ ಊರೆಲ್ಲ ಸೇರಿದಾಗ ಆ ವಿದ್ವಾಂಸ ಎದ್ದುನಿಂತು, ಈ ಹೆಂಗಸಿಗೆ ಏನೂ ಗೊತ್ತಿರಲಿಲ್ಲ ಎಂದುಬಿಟ್ಟರೆ, ಸತ್ತವಳು ಬಂದು ಉತ್ತರ ಕೊಡುವುದಿಲ್ಲ. ಅವನು ಸ್ಕ್ರೂಡ್ರೈವರ್ ಹುಡುಕಿ ಕೋಟಿನ ಜೇಬಿಗಿಳಿಸಿದ.

ಗೇಟಿನ ಬಳಿಯ ಕಲ್ಲು ಮಲಗಿದ ಕರುವಿನಷ್ಟಿತ್ತು. ನಾಲ್ಕು ಗಂಡಸರು ಸೇರಿದರೂ ಅಲುಗಾಡದ ಅದನ್ನು ಹದಿನಾಲ್ಕು ಪೌಂಡು ಎಂದು ಬರೆದ ತನ್ನ ಕೈಯನ್ನು ಹರ್ಬರ್ಟ್ ಶಪಿಸಿದ. ನೀಲಿ ಬಟ್ಟೆ ಎತ್ತಿ, ಮಂಡಿಯೂರಿ, ಮೊದಲ ತಿರುಪನ್ನು ಎರಡು ಸುತ್ತು ಬಿಚ್ಚಿದ್ದನೋ ಇಲ್ಲವೋ, ಹಿಂದಿನಿಂದ ದನಿ ಬಂತು.

"ಹರ್ಬರ್ಟ್, ಸೀಟನ್ ಆಗುತ್ತಾ?"

ಪಕ್ಕದ ಮನೆಯ ಗ್ಲ್ಯಾಡಿಸ್. ಎಂಬತ್ತು ದಾಟಿದ ಮುದುಕಿ. ಎರಡು ತಿಂಗಳಿಂದ ಅವಳಿಗೆ 'ಸ್ಟೋನ್' ಅಕ್ಷರದಾಟದ ಹುಚ್ಚು.

"ಏನು ಸೀಟನ್?"

"ನಮ್ಮ ಅಜ್ಜಿಯ ತವರಿನ ಮನೆತನ. ಅದೇ ಐದು ಅಕ್ಷರ. ನಾಲ್ಕನೇ ಪದ ಅಂತ ಹಿಡೀತೀಯಾ?"

"ಮನೆತನದ ಹೆಸರು ಲೆಕ್ಕಕ್ಕಿಲ್ಲ, ಗ್ಲ್ಯಾಡಿಸ್."

"ಮ್ಯೂರಿಯಲ್ ಇದ್ದಿದ್ರೆ ಹಿಡೀತಿದ್ಲು," ಎಂದು ಗ್ಲ್ಯಾಡಿಸ್ ಮುಖ ಊದಿಸಿ, ಬಳಿಕ ಬಗ್ಗಿ ನೋಡಿದಳು. "ಅಯ್ಯೋ ಪಾಪ, ತಿರುಪು ಸಡಿಲ ಆಗಿದೆಯಾ? ಈ ವಯಸ್ಸಲ್ಲಿ ನಿಂಗ್ಯಾಕೆ ಮಾರಾಯಾ ಇದೆಲ್ಲ. ಜೆಥ್ರೋ, ಏ ಜೆಥ್ರೋ, ಬಾ ಇಲ್ಲಿ."

ಕಲ್ಲುಗೋಡೆ ಕಟ್ಟುವ ಜೆಥ್ರೋ ಬಂದ. ಅವನ ಒಂದೊಂದು ಹಸ್ತವೂ ಸಲಿಕೆಯಷ್ಟಿತ್ತು. ತಿರುಪನ್ನು ಮುಟ್ಟಿ ನೋಡಿ, ತಲೆಯಾಡಿಸಿ, ಬಕೆಟ್ ತಂದು, ಫಲಕದ ಸುತ್ತ ಸಿಮೆಂಟು ಮೆತ್ತಿದ.

"ಇನ್ನು ನೋಡಿ," ಎಂದ. "ಚರ್ಚು ಬಿದ್ರೂ ಇದು ಬೀಳಲ್ಲ."

ಹರ್ಬರ್ಟ್ ಅವನಿಗೆ ಧನ್ಯವಾದ ಹೇಳಬೇಕಾಯಿತು.

ಪಾದ್ರಿ ಕ್ರಿಸ್ಪಿನ್ ಚರ್ಚಿನ ಪಕ್ಕದ ಸಭಾಮಂಟಪದಲ್ಲಿ ಮಡಚುವ ಕುರ್ಚಿಗಳನ್ನು ಬಿಡಿಸುತ್ತಿದ್ದರು. ಮೂವತ್ತು ದಾಟಿದ ಹುಡುಗುಮುಖದ ಪಾದ್ರಿ. ಯಾರ ಮನಸ್ಸನ್ನೂ ನೋಯಿಸದೆ ಇರುವುದೇ ಅವರ ವ್ರತ. ಹರ್ಬರ್ಟ್ ಮೊದಲು ಚರ್ಚಿನೊಳಗೆ ಹೋಗಿ, ಮ್ಯೂರಿಯಲ್ ಕೂರುತ್ತಿದ್ದ ಬೆಂಚಿನಲ್ಲಿ ಮಂಡಿಯೂರಿ, ದೇವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ಹೇಳಿದ ಮೇಲೆ ಎದೆ ಸ್ವಲ್ಪ ಹಗುರವಾಯಿತು. ಆದರೆ ದೇವರು ಪರದೆ ಸರಿಸುವ ಸಮಾರಂಭವನ್ನು ನಿಲ್ಲಿಸಲಾರ. ಅದು ಇತಿಹಾಸ ಸಂಘದ ಕೈಯಲ್ಲಿತ್ತು. ಆದ್ದರಿಂದ ಪಾದ್ರಿಗೂ ಹೇಳಿದ.

"ಪೂರ್ತಿ ಸುಳ್ಳಾ?" ಎಂದರು ಪಾದ್ರಿ, ಕುರ್ಚಿಗೆ ಬೆರಳು ಸಿಕ್ಕಿಸಿಕೊಂಡು.

"ಪೂರ್ತಿ. ಆ ಕಲ್ಲು ನೋಡಿ ಪಾದ್ರಿಗಳೇ, ಅದು ಹದಿನಾಲ್ಕು ಪೌಂಡು ಇರೋಕೆ ಸಾಧ್ಯವಾ?"

ಪಾದ್ರಿ ಕಿಟಕಿಯಿಂದ ನೋಡಿದರು. ಬಹಳ ಹೊತ್ತು ನೋಡಿದರು.

"ಮಳೆ ಕುಡಿದು ಕುಡಿದು ಭಾರ ಆಗಿರಬಹುದು," ಎಂದರು. "ಹರ್ಬರ್ಟ್, ಇನ್ನೂರು ಸ್ಯಾಂಡ್‌ವಿಚ್ ಕತ್ತರಿಸಿ ಆಗಿದೆ. ಸೌತೆಕಾಯಿದು. ನಾಳೆ ತನಕ ಇರಲ್ಲ. ಸತ್ಯ ನಾಳೆ ತನಕ ಇರುತ್ತೆ."

ಇನ್ನುಳಿದದ್ದು ಒಂದೇ ದಾರಿ. ಎರಡೂ ಹತ್ತರ ರೈಲಿನಲ್ಲಿ ಇಳಿಯುವ ಡಾಕ್ಟರ್ ಎಲ್ಲರ್ಬಿಯನ್ನು ನಿಲ್ದಾಣದಲ್ಲೇ ಹಿಡಿದು, ಕಾಲಿಗೆ ಬಿದ್ದಾದರೂ ವಾಪಸು ಕಳಿಸುವುದು. ಹರ್ಬರ್ಟ್ ನಿಲ್ದಾಣಕ್ಕೆ ಓಡಿದ. ಹಾದಿಯಲ್ಲಿ ಐದು ಮನೆಗಳವರು ತಡೆದು ಕೈಕುಲುಕಿದರು. ಮೂರು ಮನೆಗಳಲ್ಲಿ ಚಹಾ ಕುಡಿಯದೆ ಬಿಡಲಿಲ್ಲ. ಚಹಾ ಬೇಡವೆಂದರೆ ಆ ಊರಿನಲ್ಲಿ ವೈದ್ಯರಿಗೆ ಹೇಳಿಕಳಿಸುತ್ತಾರೆ. ಅವನು ನಿಲ್ದಾಣ ಮುಟ್ಟಿದಾಗ ಗಂಟೆ ಎರಡೂ ಇಪ್ಪತ್ತು. ಹೊಟ್ಟೆಯಲ್ಲಿ ಮೂರು ಚಹಾ ಬಾವಿಯ ನೀರಿನಂತೆ ಅಲುಗಾಡುತ್ತಿತ್ತು. ನಿಲ್ದಾಣದಲ್ಲಿ ಒಂದು ಪಾರಿವಾಳದ ಹೊರತು ಯಾರೂ ಇರಲಿಲ್ಲ. ವಿದ್ವಾಂಸರನ್ನು ಬೆರಿಲ್ ಸುತ್ತಮುತ್ತ ತೋರಿಸಲು ಕಾರಿನಲ್ಲಿ ಕರೆದುಕೊಂಡು ಹೋಗಿಯಾಗಿತ್ತು. ನಾಲ್ಕರ ತನಕ ಇಬ್ಬರೂ ಕೈಗೆ ಸಿಗಲಿಲ್ಲ.

ನಾಲ್ಕು ಗಂಟೆಗೆ ಊರು ಸೇರಿತು. ಡಾಕ್ಟರ್ ಎಲ್ಲರ್ಬಿ ಉದ್ದನೆಯ, ಬಾಗಿದ, ಬಿಳಿ ಹುಬ್ಬಿನ ಮುದುಕ; ಕೊಳದ ಅಂಚಿನಲ್ಲಿ ಮೀನು ಕಾಯುವ ಬಕದಂತೆ ನಿಂತಿದ್ದರು. ಕಂಕುಳಲ್ಲಿ ಒಂದು ಕಡತ. ಅವರು ದಾರ ಎಳೆದರು. ನೀಲಿ ಬಟ್ಟೆ ಜಾರಿತು. ಮ್ಯೂರಿಯಲಳ ಹೆಸರು ಬಿಸಿಲಿಗೆ ಹೊಳೆಯಿತು. ಅವರು ಫಲಕವನ್ನು ಓದಿ, ಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಗಂಟಲು ಸರಿಪಡಿಸಿಕೊಂಡು ಕಡತ ತೆರೆದರು.

ಹರ್ಬರ್ಟನಿಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ ಕಲ್ಲಿನ ಪಕ್ಕ ನಿಂತ.

"ಎಲ್ಲರೂ ಕೇಳಿ. ಇದರಲ್ಲಿ ಒಂದಕ್ಷರವೂ ನಿಜ ಇಲ್ಲ. ಮ್ಯೂರಿಯಲ್ ಇದನ್ನ ಬರೀಲಿಲ್ಲ, ಅವಳ ಮೇಲೆ ತಪ್ಪು ಹೊರಿಸ್ಬೇಡಿ. ಇದು ನಾನು ಕಟ್ಟಿದ ಸುಳ್ಳು. ನಮ್ಮೂರಲ್ಲಿ ಅಂಥ ಪಾದ್ರಿ ಇರಲಿಲ್ಲ, ಅಂಥ ತಕ್ಕಡಿ ಇರಲಿಲ್ಲ."

ಬೆರಿಲ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು.

"ಇಷ್ಟು ಚೆನ್ನಾಗಿ ಯಾರೂ ಹೊಗಳಿಕೆ ಬೇಡ ಅಂದಿರಲಿಲ್ಲ," ಎಂದಳು.

ಚಪ್ಪಾಳೆ ಎದ್ದಿತು. ಜೆಥ್ರೋನ ಚಪ್ಪಾಳೆಗೆ ಗೇಟಿನ ಮೇಲಿನ ಕಾಗೆ ಹಾರಿಹೋಯಿತು. "ಹೋದ ವರ್ಷ ಕುಂಬಳಕಾಯಿಗೆ ಬಹುಮಾನ ಬಂದಾಗ ನಾನು ಅದು ಕುಂಬಳಕಾಯೇ ಅಲ್ಲ ಅಂದಿದ್ದೆ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. "ಇವನು ನನ್ನನ್ನೂ ಮೀರಿಸಿದ."

ಡಾಕ್ಟರ್ ಎಲ್ಲರ್ಬಿ ಕಡತ ಮುಚ್ಚಿದರು. "ಇದಕ್ಕಿಂತ ಹೆಚ್ಚಿಗೆ ನಾನೇನೂ ಹೇಳಬೇಕಾಗಿಲ್ಲ," ಎಂದು ಹರ್ಬರ್ಟನ ಭುಜ ಹಿಡಿದು ಸಭಾಮಂಟಪದ ಮೂಲೆಯ ಮೇಜಿಗೆ ಕರೆದೊಯ್ದರು. ಹರ್ಬರ್ಟ್ ಕೊರಳು ಚಾಚಿದ ಕುರಿಯಂತೆ ಕೂತ.

"ಸಗ್ಡನ್ ಅವರೇ, ಹೆದರ್ಕೋಬೇಡಿ. ಇದು ಸುಳ್ಳು ಅಂತ ಮೊದಲ ಸಾಲಿಗೇ ಗೊತ್ತಾಯ್ತು ನಂಗೆ."

"ಮತ್ತೆ ಯಾಕೆ ಬಂದ್ರಿ?"

ಮುದುಕ ಕಡತ ತೆರೆದರು. ಅದರ ತುಂಬ ಮ್ಯೂರಿಯಲಳ ದುಂಡು ಅಕ್ಷರ.

"ನಿಮ್ಮಾಕೆ ನೂರ ಮೂವತ್ತೆರಡು ಲೇಖನ ಬರೆದ್ರು. ಅರ್ಥ ಎಲ್ಲ ಸರಿ. ಅಕ್ಷರದಾಟ ಎಲ್ಲ ಸರಿ. ಹುಟ್ಟಿನ ಕತೆ ನೂರ ಮೂವತ್ತೆರಡೂ ಅವರೇ ಕಟ್ಟಿದ್ದು. ಮೊದಲ ತಿಂಗಳ ಪತ್ರಿಕೆ ಹೇಗೋ ನನ್ನ ಕೈಗೆ ಬಂತು, ಸಿಟ್ಟಿನಿಂದ ಕಾಗದ ಬರೆದೆ. ಅವರು ಉತ್ತರ ಬರೆದ್ರು. ಆಮೇಲೆ ತಿಂಗಳಿಗೊಂದು. ನಲವತ್ತು ವರ್ಷ ನಿಜವನ್ನೇ ಬರೆದೆ, ಸಗ್ಡನ್ ಅವರೇ, ಒಬ್ಬರೂ ನನಗೆ ಕಾಗದ ಹಾಕಿರಲಿಲ್ಲ."

ಲಕೋಟೆಗಳು ನೀಲಿ ಬಣ್ಣದವಾಗಿದ್ದವೇ ಎಂದು ಹರ್ಬರ್ಟ್ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಡಾಕ್ಟರ್ ಕೊನೆಯ ಕಾಗದವನ್ನು ಅವನ ಮುಂದಿಟ್ಟರು. ಆಸ್ಪತ್ರೆಯ ಹಾಸಿಗೆಯಿಂದ ಬರೆದದ್ದು. ಅಕ್ಷರ ಸ್ವಲ್ಪ ಇಳಿಜಾರಾಗಿತ್ತು. 'ನಾನು ಹೋದ ಮೇಲೆ ಹರ್ಬರ್ಟ್ ಬರೆಯುತ್ತಾನೆ. ಬಹಳ ಸತ್ಯವಂತ. ಓದುವವರ ಗತಿ ದೇವರೇ ಬಲ್ಲ. ಎಂದಾದರೂ ಅವನು ಒಂದು ಸುಳ್ಳು ಹೇಳಿದರೆ, ದಯವಿಟ್ಟು ಕಾಗದ ಹಾಕಬೇಡಿ. ನೀವೇ ಹೋಗಿ ಅವನ ಕೈಕುಲುಕಿ.'

ಡಾಕ್ಟರ್ ಕೈ ಚಾಚಿದರು. ಹರ್ಬರ್ಟ್ ಕುಲುಕಿದ. ಬಹಳ ಹೊತ್ತಿನ ತನಕ ಬಿಡಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಸೌತೆಕಾಯಿ ಸ್ಯಾಂಡ್‌ವಿಚ್ಚಿನ ಜೊತೆ ನುಂಗಿದ. ಬೆಳಗಿನಿಂದ ಎದೆಯ ಮೇಲಿದ್ದ ಹದಿನಾಲ್ಕು ಪೌಂಡು ಇಳಿದಂತಾಯಿತು.

ಅಷ್ಟರಲ್ಲಿ ಬೆರಿಲ್ ಚಮಚದಿಂದ ಕಪ್ಪು ಬಡಿದಳು.

"ಇನ್ನೊಂದು ಗುಟ್ಟು ಇತ್ತು, ಈಗ ಹೇಳ್ತೀನಿ. ಈ ಕಲ್ಲು ಬರೀ ಶುರು. ಮ್ಯೂರಿಯಲ್ ಬರೆದ ಹಳೇ ಲೇಖನ ಎಲ್ಲ ಹುಡುಕಿಸಿದೀವಿ. ನಮ್ಮೂರಿಗೆ ಸಂಬಂಧಪಟ್ಟ ಮಾತು ಇಪ್ಪತ್ತಾರು ಇವೆ. ಶಾಲೆ ಗೋಡೆಗೊಂದು, ಸೇತುವೆಗೊಂದು, ಬ್ರೆಡ್ ಅಂಗಡಿಗೊಂದು. ಇಪ್ಪತ್ತಾರು ಫಲಕ. ಎರಕ ಹೊಯ್ಯೋಕೆ ಕೊಟ್ಟೂ ಆಗಿದೆ."

"ನಾನು ಸಿಮೆಂಟು ತಂದಿಟ್ಟಿದೀನಿ," ಎಂದ ಜೆಥ್ರೋ.

ಹರ್ಬರ್ಟ್ ಡಾಕ್ಟರ್ ಕಡೆ ತಿರುಗಿದ. ಡಾಕ್ಟರ್ ಇನ್ನೊಂದು ಸ್ಯಾಂಡ್‌ವಿಚ್ಚಿನ ಒಳಗಡೆ ಏನಿದೆಯೆಂದು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಪಾದ್ರಿಯ ಕಡೆ ತಿರುಗಿದ. ಪಾದ್ರಿ ಕುರ್ಚಿ ಎಣಿಸುತ್ತಿದ್ದರು.

ಅವನು ಮೇಜನ್ನು ಹಿಡಿದು ಎದ್ದು ನಿಂತ.

"ಬೆರಿಲ್," ಎಂದ, "ಅವೂ ಕೂಡ..."

ಅಷ್ಟರಲ್ಲೇ ಇಡೀ ಸಭೆ ಅಕ್ಕರೆಯಿಂದ ಅವನ ಕಡೆ ತಿರುಗಿ, ಚಪ್ಪಾಳೆಗೆ ಕೈ ಎತ್ತಿ ಕಾಯುತ್ತಿತ್ತು.